ಹನ್ನೊಂದನೇ ನಿಮಿಷದ ಗುಡ್ಡ

ಅಂಟುಚೀಟಿ ಮುಗಿದುಹೋಗಿದ್ದೇ ಎಲ್ಲ ಅನರ್ಥಕ್ಕೂ ಮೂಲ. ಯಾವ ಎಲೆ ಯಾವ ಗಿಡದ್ದೆಂದು ಗುರುತಿಗೆ ಚೀಟಿ ಅಂಟಿಸಬೇಕಿತ್ತು. ಪ್ರಯೋಗಾಲಯದ ಸ್ಟೋರ್ ಗುಮಾಸ್ತ "ಮುಂದಿನ ತಿಂಗಳು ಬಾ" ಎಂದ. ಎಲೆಯಪ್ಪ ತನ್ನ ನೀಲಿ ಮಾರ್ಕರ್ ಪೆನ್ನು ತೆಗೆದು ನಂಬರನ್ನು ಎಲೆಯ ಮೇಲೇ ಬರೆದ. ಆ ಎಲೆಯನ್ನು ಅಸಿಟೋನ್ ದ್ರಾವಕದಲ್ಲಿ ಅರೆದು, ಸೋಸಿ, ಯಂತ್ರಕ್ಕೆ ಹಾಕಿದ.

ಎಲೆಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಒಂಬತ್ತು ವರ್ಷ ಆ ಪ್ರಯೋಗಾಲಯದಲ್ಲಿ ಹಂಗಾಮಿಯಾಗಿ ಎಲೆ ಅರೆದೂ ಅರೆದೂ ಗಳಿಸಿದ ಬಿರುದು. ಸಿಕ್ಕ ಬಡ್ತಿಯೂ ಅದೊಂದೇ. "ನಮ್ಮಳಿಯ ಸೊಪ್ಪು ಅರೀತಾನೆ. ಅಡುಗೆಗೂ ಬರಲ್ಲ, ಔಷಧಕ್ಕೂ ಬರಲ್ಲ" ಎಂದು ಮಾವ ಬಂಧುಬಳಗದಲ್ಲೆಲ್ಲ ಆಡಿಕೊಳ್ಳುತ್ತಿದ್ದರು. ಕೆಲಸ ಕಾಯಂ ಆಗುವವರೆಗೆ ಬಾಯಿ ಮುಚ್ಚುವ ಆಸಾಮಿಯಲ್ಲ ಅವರು.

ಯಂತ್ರದ ಕೆಲಸ ಸರಳ. ಎಲೆಯ ರಸವನ್ನು ಸಪೂರ ಕೊಳವೆಯಲ್ಲಿ ನೂಕುತ್ತದೆ. ಹಸಿರು, ಹಳದಿ, ಕಿತ್ತಳೆ ಬಣ್ಣಗಳು ಬಸ್ಸಿನಿಂದ ಇಳಿಯುವವರಂತೆ ಒಂದೊಂದಾಗಿ ಹೊರಬರುತ್ತವೆ. ಒಂದೊಂದಕ್ಕೂ ಪರದೆಯ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಆ ದಿನ ಹನ್ನೊಂದನೇ ನಿಮಿಷಕ್ಕೆ, ಎಂದೂ ಇಲ್ಲದ ಜಾಗದಲ್ಲಿ, ಒಂದು ಗುಡ್ಡ ಎದ್ದಿತು.

ಹಿಂದೆ ನಿಂತಿದ್ದ ಮುಖ್ಯಸ್ಥರು ಕನ್ನಡಕವನ್ನು ಹಣೆಗೇರಿಸಿದರು. "ಏನಯ್ಯಾ ಇದು? ಯಾವ ಪುಸ್ತಕದಲ್ಲೂ ಇಲ್ಲವಲ್ಲ! ಹೊಸ ವರ್ಣದ್ರವ್ಯ ಕಣಯ್ಯಾ!"

"ಇನ್ನೊಂದ್ಸಲ ನೋಡೋಣ ಸಾರ್..."

"ನೋಡೋದೇನು ಬಂತು? ಇದಕ್ಕೆ ನನ್ನ ಹೆಸರೇ ಇಡೋದು!" ಎನ್ನುತ್ತ ಅವರು ಫೋನಿನ ಕಡೆ ಓಡಿದರು.

ಎಲೆಯಪ್ಪನಿಗೆ ಸಮಾಧಾನವಿಲ್ಲ. ಅದೇ ಗಿಡದ ಇನ್ನೊಂದು ಎಲೆಯನ್ನು, ನಂಬರು ಬರೆಯದೆ, ಅರೆದು ಹಾಕಿದ. ಹನ್ನೊಂದನೇ ನಿಮಿಷ ಬಂತು, ಹೋಯಿತು, ಗುಡ್ಡವಿಲ್ಲ. ಅಯ್ಯೋ, ಅದು ಪೆನ್ನಿನ ಶಾಯಿ!

ತಪ್ಪೊಪ್ಪಿಕೊಳ್ಳಲು ಮುಖ್ಯಸ್ಥರ ಕೋಣೆಗೆ ಓಡಿದ.

"ಬಾರಯ್ಯಾ ಬಾ! ವರ್ಣದ್ರವ್ಯದ ದೊಡ್ಡ ಪಂಡಿತರೇ ನಾಲ್ಕು ಗಂಟೆಗೆ ಬರ್ತಿದಾರೆ. ಅವರೆದುರಿಗೆ ಗುಡ್ಡ ಇನ್ನೊಮ್ಮೆ ಎದ್ರೆ ನಿನ್ನ ಕಾಯಂ ಆದೇಶಕ್ಕೆ ಅಲ್ಲೇ ಸಹಿ. ಏಳಲಿಲ್ವೋ, ನಾಳೆಯಿಂದ ಬರಲೇಬೇಡ."

"ಸಾರ್, ಅದು ನಿಜವಾಗ್ಲೂ ಏನಂದ್ರೆ..."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಕಾಯಂ ಆಯ್ತಂತೆ! ನಿಮ್ಮ ಆಫೀಸಿನ ಟೈಪಿಸ್ಟಮ್ಮ ಹೇಳಿದ್ರು. ಅಪ್ಪ 'ನನ್ನಳಿಯ ಬಂಗಾರ' ಅಂತ ಅತ್ತೇಬಿಟ್ರು ಕಣ್ರೀ!"

ಮಾವ ಅತ್ತರೆಂದು ಕೇಳಿದ ಮೇಲೆ ಎಲೆಯಪ್ಪ ಸತ್ಯವನ್ನು ಉಗುಳಲೂ ಆಗದೆ ನುಂಗಲೂ ಆಗದೆ ಹೊರಗೆ ಬಂದ.

ಈಗ ಅದೇ ಪೆನ್ನು ಬೇಕು. ನೋಡಿದರೆ ಮೇಜಿನ ಮೇಲಿಲ್ಲ! ಗುಮಾಸ್ತ ಅದನ್ನು ಎತ್ತಿಕೊಂಡು ಹೋಗಿ, ಸ್ಟೋರಿನ ಬಾಗಿಲಿಗೆ "ಅಂಟುಚೀಟಿ ಇಲ್ಲ, ಕೇಳಬೇಡಿ" ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದ.

"ಕೊಡಯ್ಯಾ ನನ್ನ ಪೆನ್ನು!"

"ತಗೊಳಪ್ಪ. ಇದ್ರಲ್ಲಿ ಶಾಯಿನೇ ಇಲ್ಲ, ಇಷ್ಟು ಹಾರಾಡ್ತೀಯ."

ಎಲೆಯಪ್ಪ ಒಣಗಿದ ತುದಿಗೆ ಎರಡು ಹನಿ ಅಸಿಟೋನ್ ಕುಡಿಸಿದ. ಪೆನ್ನಿಗೆ ಜೀವ ಬಂತು. ಯಾವುದಕ್ಕೂ ಇರಲಿ ಎಂದು ಎಲೆಯ ಮೇಲೆ ನಂಬರಿನ ಬದಲು ಎರಡರ ಮಗ್ಗಿಯನ್ನೇ ಪೂರ್ತಿ ಬರೆದ.

ನಾಲ್ಕಕ್ಕೆ ಪಂಡಿತರು ಬಂದು ಪರದೆಯ ಮುಂದೆ ಕುಳಿತರು. ಹನ್ನೊಂದನೇ ನಿಮಿಷಕ್ಕೆ ಗುಡ್ಡವಲ್ಲ, ಪರ್ವತವೇ ಎದ್ದಿತು. ಮುಖ್ಯಸ್ಥರು ಆದೇಶ ಹರಡಿಕೊಂಡು ಸಹಿಗೆ ಕೈಯಿಟ್ಟರು.

"ಛೆ ಛೆ, ತಡ ಮಾಡಿಬಿಟ್ರಿ" ಎಂದರು ಪಂಡಿತರು. "ಇದನ್ನ ಎಂಟು ವರ್ಷದ ಹಿಂದೇನೇ ನಾನು ಕಂಡುಹಿಡಿದಾಯ್ತಲ್ಲ. ನನ್ನ ಹೆಸರೇ ಇದಕ್ಕಿರೋದು. ಪ್ರಶಸ್ತೀನೂ ಬಂತು."

ಮುಖ್ಯಸ್ಥರ ಮುಖ ಇಂಗು ತಿಂದ ಮಂಗನಂತಾಯಿತು. ಸಿಟ್ಟೆಲ್ಲ ಎಲೆಯಪ್ಪನ ಮೇಲೆ ತಿರುಗಿತು. ಆದೇಶವನ್ನು ನಾಲ್ಕು ಚೂರು ಮಾಡಿದರು. "ಹಳೇದನ್ನ ತೋರಿಸಿ ಕಾಯಂ ಆಗ್ತೀಯೇನಯ್ಯಾ? ಹೊಸದೊಂದು ಹುಡುಕು, ಆಮೇಲೆ ಮಾತು!"

ಎಲೆಯಪ್ಪನಿಗೆ ಅಳುವೇ ಬಂತು. ಪಂಡಿತರು ಹೊರಡುವಾಗ ಅವನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಹೇಳಿದರು: "ಬೇಜಾರು ಮಾಡ್ಕೋಬೇಡಪ್ಪ. ಕೆಂಪು ಪೆನ್ನಲ್ಲಿ ಬರೆದು ನೋಡು. ಅದಿನ್ನೂ ಯಾರ ಹೆಸರಲ್ಲೂ ಇಲ್ಲ."

ಎಲೆಯಪ್ಪ ಒಂದೇ ಉಸಿರಿಗೆ ಸ್ಟೋರಿಗೆ ಓಡಿದ. "ಅಣ್ಣಾ, ನಿನ್ನ ದಮ್ಮಯ್ಯ, ಒಂದೇ ಒಂದು ಕೆಂಪು ಪೆನ್ನು ಕೊಡು!"

ಗುಮಾಸ್ತ ರಿಜಿಸ್ಟರಿನಿಂದ ತಲೆಯನ್ನೂ ಎತ್ತಲಿಲ್ಲ. "ಕೆಂಪು ಪೆನ್ನಾ? ಅದು ಕಾಯಂ ಆದವರಿಗೆ ಮಾತ್ರ ಕಣಪ್ಪ."