ಸಾಬೂನಿನ ಗುರ್ಜಿ

ಎಲ್ಲದಕ್ಕೂ ಕಾರಣ ಪಕ್ಕದ ಮನೆಯ ವತ್ಸಲಾಬಾಯಿಯ ಟಗರು.

ಜೂನ್ ಮುಗಿಯುತ್ತ ಬಂದರೂ ಔರಾದಿನಲ್ಲಿ ಹನಿ ಮಳೆಯಿಲ್ಲ. ಓಣಿಗೆ ವಾರಕ್ಕೊಂದು ಟ್ಯಾಂಕರು. ಮಗ ಜ್ಞಾನೇಶ್ವರ ಭಾಲ್ಕಿಗೆ ಹೆಣ್ಣು ನೋಡಲು ಹೋಗುವವನೆಂದು ಸುಂದರಬಾಯಿ ಮನೆಯಲ್ಲಿ ಉಳಿದಿದ್ದ ಅರ್ಧ ಬಕೆಟ್ ನೀರನ್ನು ಅಂಗಳಕ್ಕೆ ತಂದಿಟ್ಟಳು. ಹುಡುಗಿ ಮಾಯಾಳ ಫೋಟೋ ನೋಡಿದಾಗಿನಿಂದ ಅವನಿಗೆ ನಿದ್ದೆಯೇ ಇರಲಿಲ್ಲ. ಈ ಸಂಬಂಧವೂ ತಪ್ಪಿದರೆ ಮತ್ತೊಂದು ಬರುವ ವಯಸ್ಸೂ ಅವನದಲ್ಲ.

ನೀರು ಉಳಿಸುವುದರಲ್ಲಿ ಜ್ಞಾನೇಶ್ವರ ಜಾಣ. ಒಂದು ತಂಬಿಗೆಯಲ್ಲಿ ಮೈ ನೆನೆಸಿ, ತಲೆಯಿಂದ ಪಾದದವರೆಗೆ ಸಾಬೂನು ತಿಕ್ಕಿ, ಉಳಿದದ್ದನ್ನು ಒಮ್ಮೆಗೇ ಸುರುವಿಕೊಳ್ಳುವುದು ಅವನ ಪದ್ಧತಿ. ಕಣ್ಣು ಮುಚ್ಚಿಕೊಂಡೇ ಬಕೆಟ್ಟಿಗೆ ಕೈ ಹಾಕಿದ. ಕೈಗೆ ಉಣ್ಣೆ ಸಿಕ್ಕಿತು. ಟಗರು ಆಗಲೇ ತಳ ನೆಕ್ಕುತ್ತಿತ್ತು.

ಟವೆಲ್ ಸುತ್ತಿಕೊಂಡು, ನೊರೆ ಸುರಿಸುತ್ತ ಮನೆಮನೆಗೆ ಹೋದ. ನೀರು ಯಾರೂ ಕೊಡಲಿಲ್ಲ, ಬುದ್ಧಿ ಮಾತ್ರ ಎಲ್ಲರೂ ಕೊಟ್ಟರು. ಒಬ್ಬ ಬಟ್ಟೆಯಿಂದ ಒರೆಸಿಕೋ ಎಂದ, ಇನ್ನೊಬ್ಬಳು ಬಿಸಿಲಿಗೆ ಒಣಗಿ ತಾನೇ ಉದುರುತ್ತದೆ ಎಂದಳು. ವತ್ಸಲಾಬಾಯಿಯ ಬಾಗಿಲಲ್ಲಿ ಮಾತ್ರ ತುಂಬಿದ ಕೊಡವೊಂದು ಕಂಡಿತು.

"ಅದು ಗುರ್ಜಿ ಮ್ಯಾಲ ಹಾಕ್ಲಾಕ ಇಟ್ಟಿದ್ದು," ಎಂದಳು ಆಕೆ. "ದೇವರ ನೀರು. ನಿನಗ ಹ್ಯಾಂಗ ಕೊಡ್ಲಿ?"

ಗುರ್ಜಿ! ಮಳೆ ಬೇಡಲು ಸಗಣಿಯ ಗೊಂಬೆಯನ್ನು ಹಂಚಿನ ಮೇಲಿಟ್ಟು ತಲೆಯಲ್ಲಿ ಹೊತ್ತವನ ಮೇಲೆ ಪ್ರತಿ ಮನೆಯವರೂ ಕೊಡಗಟ್ಟಲೆ ನೀರು ಸುರಿಯುತ್ತಾರಲ್ಲ! ಜ್ಞಾನೇಶ್ವರ ಓಡಿದ. ಮಾರುತಿ ಗುಡಿಯ ಮುಂದೆ ಓಣಿಯ ಹುಡುಗ ರತ್ನದೀಪ ಗುರ್ಜಿ ಎತ್ತಿಕೊಳ್ಳುತ್ತಿದ್ದ. ಊರಿಗಾಗಿ ಈ ವರ್ಷ ತಾನೇ ಹೊರುತ್ತೇನೆಂದು ಹೇಳಿ ಜ್ಞಾನೇಶ್ವರ ಅವನಿಂದ ಹಂಚು ಕಿತ್ತುಕೊಂಡು ತಲೆಗೇರಿಸಿದ. ನೊರೆ ನೋಡಿ ಏನೋ ಹರಕೆಯಿರಬೇಕೆಂದುಕೊಂಡು ಜನ ಕೈ ಮುಗಿದರು.

ವತ್ಸಲಾಬಾಯಿಯ ಬಾಗಿಲಿಗೆ ಬಂದು ಕಣ್ಣು ಮುಚ್ಚಿ ನಿಂತ. ಆಕೆ ಕೊಡದಲ್ಲಿ ಬೆರಳು ಅದ್ದಿ ಚಿಮುಕಿಸಿದಳು, ಅಷ್ಟೇ.

"ಕೊಡ ಸುರುವ್ರಿ ಮಾವಶಿ," ಎಂದು ಅಂಗಲಾಚಿದ.

"ಹುಚ್ಚೇನೋ? ಮಳಿ ಬರೋ ತನಕ ಇದೇ ಕೊಡ ಸಾಗಿಸ್ಬೇಕು."

ಮುಂದಿನ ಮನೆಗಳಲ್ಲೂ ಬೆರಳ ತುದಿಯ ನೀರೇ. ಗುರ್ಜಿಗೆಂದು ತಂದ ಜೋಳದ ಹಿಟ್ಟು ಗಾಳಿಗೆ ಹಾರಿ ಅವನ ಮೈಗೆ ಮೆತ್ತಿತು. ಓಣಿ ಸುತ್ತಿ ಮುಗಿಸುವಷ್ಟರಲ್ಲಿ ಅವನು ರೊಟ್ಟಿ ತಟ್ಟಲು ತಯಾರಾದ ಹಿಟ್ಟಿನಂತಿದ್ದ. ಭಾಲ್ಕಿ ಬಸ್ಸು ಅವನೆದುರೇ ಹಾರ್ನ್ ಹೊಡೆದು ಹೋಯಿತು. ಜ್ಞಾನೇಶ್ವರ ನಡುರಸ್ತೆಯಲ್ಲಿ ನಿಂತು ಅತ್ತೇಬಿಟ್ಟ.

ಆಗ ಗುಡುಗಿತು. ಆಮೇಲೆ ಸುರಿದ ಮಳೆ ಎಂಥದ್ದು! ಹಿಟ್ಟು, ನೊರೆ, ಗುರ್ಜಿ ಎಲ್ಲ ತೊಳೆದು ಹೋದವು. ಜನ ಅವನನ್ನು ಎತ್ತಿ ಕುಣಿದರು, ರತ್ನದೀಪ ವಿಡಿಯೋ ಹಿಡಿದ. ಅಂಗಳದ ಪಾತ್ರೆಗಳೆಲ್ಲ ತುಂಬಿ ತುಳುಕಿದವು. ಸುಂದರಬಾಯಿ ಮಾತ್ರ ತಪ್ಪಿದ ಸಂಬಂಧ ನೆನೆದು ಮೂಲೆ ಹಿಡಿದಳು.

ಸಂಜೆ ಬಾಗಿಲಿಗೆ ಜೀಪು ಬಂತು. ಇಳಿದವರು ಸಾಕ್ಷಾತ್ ಮಾಯಾಳ ತಂದೆ ಭಾಲಚಂದ್ರರಾಯರು. ಜ್ಞಾನೇಶ್ವರನಿಗೆ ಸ್ವರ್ಗ ಮೂರೇ ಗೇಣು. ಹೊಸ ಅಂಗಿ ತೊಟ್ಟು, ತಲೆ ಬಾಚಿಕೊಂಡು ಓಡಿಬಂದು ಕಾಲಿಗೆರಗಿದ.

"ವಿಡಿಯೋ ನೋಡೇನ್ರಿ," ಎಂದರು ಅವರು ಅವನನ್ನು ಎಬ್ಬಿಸುತ್ತ. "ಹುಡುಗಿ ನೋಡೋದು ಆಮ್ಯಾಗ ಆಗ್ತದ. ನಮ್ಮ ಭಾಲ್ಕ್ಯಾಗ ಇನ್ನಾ ಹನಿ ಬಿದ್ದಿಲ್ಲ. ಅಂಗಿ ಕಳೀರಿ, ಸಾಬೂನ ಹಚ್ಕೊಂಡೇ ಜೀಪ್ ಹತ್ತರಿ."

ಸುಂದರಬಾಯಿ ಆಗಲೇ ತಂಬಿಗೆ ತುಂಬಿಸಿ ತಂದು ಮಗನ ತಲೆಯ ಮೇಲೆ ಸುರಿದಳು.