ಕೆಂಪು ಟಿಕಳಿ ಅಂದ್ರ ‘ಕ’

ಗಾಳಿಗೆ ಹಾರಿದ ಒಂದು ಅಂಗಿಯಿಂದ ಭೀಮರಾಯನ ಮಾನ ಹೋಯಿತು.

ಅವತ್ತು ಮುಂಜಾನೆ ಶಹಾಪುರದಲ್ಲಿ ಗಾಳಿ ಜೋರಿತ್ತು. ಪಕ್ಕದ ಮನೆಯ ಗುರುದೇವಿ ಮುದ್ದೆಯಾದ ಅಂಗಿಯೊಂದನ್ನು ಗೋಡೆಯ ಮೇಲಿಂದ ಲಾಲಮ್ಮನ ಕೈಗೆ ಕೊಟ್ಟು, “ಅಕ್ಕಾ, ಅಣ್ಣನ ಅಂಗಿ ಹಾರಿ ನಮ್ಮ ಅಂಗಳಕ್ಕ ಬಂದಿತ್ತು ನೋಡು” ಎಂದಳು. ಲಾಲಮ್ಮನ ಗಂಡ ಭೀಮರಾಯ ಅದನ್ನೇ ತೊಟ್ಟು ಕಚೇರಿಗೆ ಹೊರಟ. ಬಾಗಿಲು ದಾಟಿದನೋ ಇಲ್ಲವೋ, ಅದೇ ಗುರುದೇವಿ ಕೂಗಿದಳು.

“ಅಯ್ಯ ಅಣ್ಣಾ, ಬೆನ್ನ ಮ್ಯಾಲ ಟಿಕಳಿ ಅದಲ್ಲ!”

ಲಾಲಮ್ಮ ಅದನ್ನು ಕಿತ್ತಳು. ಬಿಸಿಲಿಗೆ ಮಿಣುಕಿತು. ಅವಳು ಹಣೆಗೆ ಕುಂಕುಮ ಇಡುವವಳೇ ಹೊರತು ಎಂದೂ ಅಂಟಿನ ಟಿಕಳಿ ಹಚ್ಚಿದವಳಲ್ಲ.

“ಯಾರದ್ರಿ ಇದು?”

ಭೀಮರಾಯ ಅದನ್ನು ಸರಿಯಾಗಿ ನೋಡಲೂ ಇಲ್ಲ. ಟಿಕಳಿ ಎಂಬ ಮಾತಿಗೇ ತನ್ನ ಗುಟ್ಟು ಬಯಲಾಯಿತೆಂದು ಬಗೆದ. ಕಚೇರಿಯಲ್ಲಿ ಅವನಿಗೆ ಟೈಪಿಂಗ್ ಮಾಸ್ತರ ಎಂದೇ ಹೆಸರು. “ಕಣ್ಣು ಕಟ್ಟಿದ್ರೂ ಟೈಪ್ ಮಾಡ್ತೇನಿ” ಎಂದು ಹತ್ತು ವರ್ಷದಿಂದ ಜಂಬ ಕೊಚ್ಚಿಕೊಂಡು ಬಂದಿದ್ದ. ನಿಜಕ್ಕೂ ಅವನದು ಎರಡೇ ಬೆರಳಿನ ವಿದ್ಯೆ. ಕೀಬೋರ್ಡಿನ ಅಕ್ಷರ ಸವೆದು ಹೋದಾಗ ಗುರುತಿಗೆಂದು ಬಣ್ಣಬಣ್ಣದ ಟಿಕಳಿ ಅಂಟಿಸಿದ್ದ. ಬರಬರುತ್ತಾ ಅಕ್ಷರಗಳೇ ಮರೆತು ಬಣ್ಣಗಳಷ್ಟೇ ಉಳಿದವು. ಸುತ್ತಲೂ ಫೈಲಿನ ಗೋಡೆ ಕಟ್ಟಿಕೊಂಡು ಕೂರುತ್ತಿದ್ದುದರಿಂದ ಗುಟ್ಟು ಯಾರಿಗೂ ಗೊತ್ತಿರಲಿಲ್ಲ.

“ಅದು... ಆಫೀಸ್ ಕೆಲಸದ್ದು ಇರಬೇಕು” ಎಂದ.

“ಆಫೀಸ್ ಕೆಲಸಕ್ಕ ಟಿಕಳಿ?”

ಗುರುದೇವಿ ಗೋಡೆಗೆ ಇನ್ನಷ್ಟು ಒರಗಿದಳು. “ಮೊನ್ನಿ ಅಣ್ಣ ಬಾಷುಮಿಯಾನ ಬಳೆ ಅಂಗಡ್ಯಾಗ ನಾಕು ಪಾಕೀಟು ತಗೊಂಡಿದ್ದ. ನಾ ಅಕ್ಕಗ ಅಂತ ತಿಳ್ಕೊಂಡಿದ್ದೆ.”

“ನಡೀರಿ” ಎಂದಳು ಲಾಲಮ್ಮ. “ಆ ಆಫೀಸ್ ಕೆಲಸ ನಾನೂ ನೋಡ್ತೀನಿ.”

ಟಿಕಳಿಯನ್ನು ಮುಷ್ಟಿಯಲ್ಲಿ ಹಿಡಿದೇ ಹೊರಟಳು. ಇಂಥದ್ದನ್ನು ನೋಡದೆ ಬಿಡುವವಳಲ್ಲ ಗುರುದೇವಿ. ಕನ್ನಡಿ ನೋಡಲೂ ನಿಲ್ಲದೆ ಬಾಗಿಲೆಳೆದುಕೊಂಡು ಹಿಂದೆಯೇ ಬಂದಳು.

ಕಚೇರಿಯಲ್ಲಿ ಅಂದೇ ಹೊಸ ಕೀಬೋರ್ಡುಗಳು ಬಂದಿದ್ದವು. ಬೇಕಾದ್ದನ್ನು ಆರಿಸಿಕೊಳ್ಳಿ ಎಂದು ಸಾಹೇಬರು ಮೇಜಿನ ಮೇಲೆ ಹರಡಿಸಿದ್ದರು. ಕಿರಿಯ ಗುಮಾಸ್ತ ಆಸೀಫ್ ದೀಪ ಹತ್ತುವ ಕೀಬೋರ್ಡನ್ನು ಎದೆಗವಚಿಕೊಂಡಿದ್ದ.

“ಕರೆಂಟ್ ಹೋದ್ರೂ ಅಕ್ಷರ ಕಾಣ್ತಾವ ನೋಡ್ರಿ ಮೇಡಂ.”

“ಕರೆಂಟ್ ಹೋದ್ರ ಕಂಪ್ಯೂಟರೇ ಬಂದ್ ಆಗ್ತದಲ್ಲೋ” ಎಂದರು ಹಿರಿಯ ಗುಮಾಸ್ತೆ ಶಾಂತಾದೇವಿ. ಅವರಿಗೆ ಸದ್ದಿಲ್ಲದ್ದು ಬೇಕಿತ್ತು. ಆಸೀಫ್ ಕುಟ್ಟುವ ಸದ್ದಿಗೆ ದಿನಾ ತಲೆನೋವು.

“ಮಾಸ್ತರ್, ನಿಮಗ್ಯಾವುದು?” ಸಾಹೇಬರು ಕೇಳಿದರು.

“ನನಗ ಹಳೇದ ಇರಲ್ರಿ ಸರ್. ಬೆರಳಿಗಿ ರೂಢಿ ಆಗ್ಯಾದ.”

ಅಷ್ಟರಲ್ಲಿ, ಗಂಡನ ಹಿಂದೆಯೇ ಒಳಗೆ ಬಂದಿದ್ದ ಲಾಲಮ್ಮನ ಕಣ್ಣು ಶಾಂತಾದೇವಿಯವರ ಹಣೆಯ ದೊಡ್ಡ ಕೆಂಪು ಟಿಕಳಿಯ ಮೇಲೆ ನೆಟ್ಟಿತು. “ಏನವ್ವಾ, ನಮ್ಮ ಮನಿಯವರು ಪಾಕೀಟುಗಟ್ಟಲೆ ಟಿಕಳಿ ತರೋದು ನಿನಗೇನು?”

ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಶಾಂತಾದೇವಿಯವರ ಕಣ್ಣಲ್ಲಿ ನೀರು ತುಂಬಿತು. ಭೀಮರಾಯ ಒಣಜಂಬದ ಮನುಷ್ಯ, ಕೆಟ್ಟವನಲ್ಲ. ತನ್ನ ಮಾನ ಉಳಿಸಿಕೊಳ್ಳಲು ಆ ಹೆಣ್ಣುಮಗಳ ಮಾನ ತೆಗೆಯುವುದು ಅವನಿಂದಾಗಲಿಲ್ಲ. ಫೈಲುಗಳನ್ನು ಸರಿಸಿ ತನ್ನ ಕೀಬೋರ್ಡನ್ನು ಎಲ್ಲರೆದುರು ಎತ್ತಿ ಹಿಡಿದ.

“ಇದಕ್ಕ ತಂದಿದ್ದು! ಕೆಂಪು ಅಂದ್ರ ಕ, ಹಸರ ಅಂದ್ರ ಗ, ಹಳದಿ ಅಂದ್ರ ಮ. ನೋಡದ ಟೈಪ್ ಮಾಡಾಕ ನನಗ ಬರಂಗಿಲ್ಲ. ಎಂದೂ ಬಂದಿಲ್ಲ!”

ಕೀಬೋರ್ಡ್ ಬಾಷುಮಿಯಾನ ಅಂಗಡಿಯಂತೆ ಕಂಗೊಳಿಸುತ್ತಿತ್ತು. ಮೊದಲು ನಕ್ಕವನು ಆಸೀಫ್. ಆಮೇಲೆ ಯಾರು ನಗುತ್ತಿಲ್ಲ ಎಂದು ಹುಡುಕಬೇಕಾಯಿತು.

“ಹೋದ ವಾರ ನಮಗೆಲ್ಲ ಟೈಪಿಂಗ್ ಪಾಠ ಮಾಡಿದ್ರಲ್ಲ ಮಾಸ್ತರ್?” ಎಂದರು ಸಾಹೇಬರು. ಭೀಮರಾಯ ನಾಚಿಕೆಯಿಂದ ಹಿಡಿಯಷ್ಟಾಗಿ ತನ್ನ ಚಪ್ಪಲಿ ನೋಡಿಕೊಂಡು ನಿಂತ.

ಶಾಂತಾದೇವಿ ಕಣ್ಣೊರೆಸಿಕೊಂಡು ಹತ್ತಿರ ಬಂದರು. “ಎಲ್ಲಿ, ಅದನ್ನ ತೋರ್ಸವ್ವಾ.” ಲಾಲಮ್ಮ ಮುಷ್ಟಿ ಬಿಚ್ಚಿದಳು. “ಕೀಬೋರ್ಡಿನ ಮ್ಯಾಲಿನವೆಲ್ಲ ದುಂಡನವು, ಸಾದಾ. ಇದು ಹಾವಿನಂಗ ಡೊಂಕಂದು, ಹರಳಿಂದು.”

ಹಾಗೆನ್ನುತ್ತಿದ್ದಂತೆ ಶಾಂತಾದೇವಿಯವರ ನೋಟ ಗುರುದೇವಿಯ ಹಣೆಗೆ ಹೋಯಿತು. ಎಲ್ಲರ ನೋಟವೂ ಹೋಯಿತು. ಅಲ್ಲಿ ಟಿಕಳಿ ಇರಲಿಲ್ಲ, ಹಾವಿನಂತೆ ಡೊಂಕಾದ ಅಂಟಿನ ಗುರುತಿತ್ತು.

ಗುರುದೇವಿ ಹಣೆ ಮುಟ್ಟಿಕೊಂಡಳು. “ಅಯ್ಯ ನಮ್ಮವ್ವ! ಮುಂಜಾನಿ ಆ ಅಂಗಿ ಹಾರಿ ಬಂದು ನನ್ನ ಮಾರಿ ಮ್ಯಾಲ ಬಿದ್ದಿತ್ತಲ್ಲ!”

ಲಾಲಮ್ಮ ಶಾಂತಾದೇವಿಯವರ ಕೈ ಹಿಡಿದು, “ತಪ್ಪಾತ್ರಿ ಅಕ್ಕಾರ” ಎಂದಳು. ಗಂಡನತ್ತ ತಿರುಗಿ, “ಒಂದು ಗಳಿಗಿ ಸುಮ್ಮನಿದ್ದಿದ್ರ ಸಾಕಿತ್ತಲ್ರಿ. ಎಲ್ಲಾ ಯಾಕ ಹೇಳಾಕ ಹೋದ್ರಿ?” ಎಂದಳು. ಗುರುದೇವಿ ಟಿಕಳಿಯನ್ನು ಹಣೆಗೆ ಅಂಟಿಸಿಕೊಂಡು, “ಚಿಂತಿ ಮಾಡಬ್ಯಾಡ್ರಿ ಅಣ್ಣಾ, ನಾ ಯಾರ ಮುಂದೂ ಹೇಳಂಗಿಲ್ಲ” ಎಂದು ಲಗುಬಗೆಯಿಂದ ಓಣಿಯತ್ತ ನಡೆದಳು.

ಸಾಹೇಬರು ಹಳೆಯ ಕೀಬೋರ್ಡನ್ನು ತಾವೇ ಒಯ್ದು ಹೊಸದನ್ನು ಇಡಿಸಿದರು. ಯಾರ ಮುಖವನ್ನೂ ನೋಡಲಾಗದೆ ಭೀಮರಾಯ, ಅರ್ಧ ದಿನದ ರಜೆ ಹಾಕಿ ಮನೆಗೆ ಹೋಗೋಣವೆಂದು ಅರ್ಜಿ ಟೈಪ್ ಮಾಡಲು ಕೂತ. ಹೊಸ ಕೀಬೋರ್ಡಿನಲ್ಲಿ ಅಕ್ಷರಗಳೆಲ್ಲ ಹೊಳೆಯುತ್ತಿದ್ದವು. ಕೆಂಪು ಮಾತ್ರ ಎಲ್ಲೂ ಇರಲಿಲ್ಲ.

ಅರ್ಜಿ ಮುಗಿಯುವ ಹೊತ್ತಿಗೆ ಆಸೀಫ್ ಕಚೇರಿಯ ಕಿಟಕಿಗಳನ್ನು ಮುಚ್ಚುತ್ತಿದ್ದ. ಸಂಜೆ ಐದೂವರೆಯಾಗಿತ್ತು.