ಅಂಬಾದಾಸನ ಬ್ರೇಕು ಬಿಟ್ಟಿತು

ಅಂಬಾದಾಸನ ಕಾರಿಗೆ ಓಡುವುದಕ್ಕಿಂತ ನಿಲ್ಲುವುದರ ಮೇಲೆ ಪ್ರೀತಿ ಹೆಚ್ಚು. ಪುಣೆ ಬದಿಯ ಚಿಂಚವಾಡದ ಆಫೀಸೊಂದರಲ್ಲಿ ಕ್ಲಾರ್ಕ್ ಆಗಿದ್ದ ಅವನು ಆ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡು ತಿಂಗಳೂ ತುಂಬಿರಲಿಲ್ಲ. ಶನಿವಾರ ಸಂಜೆ ಪೇಟೆಯಿಂದ ಬರುವಾಗ ಅದು ಹಟ ಹಿಡಿದ ಎಮ್ಮೆಯ ಹಾಗೆ ಜಗ್ಗತೊಡಗಿತು. ಮನೆ ಮುಟ್ಟುವ ಹೊತ್ತಿಗೆ ಎಡಗಡೆಯ ಮುಂದಿನ ಗಾಲಿಯಿಂದ ಸುಟ್ಟ ವಾಸನೆ. ಮುಟ್ಟಿ ನೋಡಿದರೆ, ಮೇಲೊಂದು ರೊಟ್ಟಿ ಬೇಯಿಸಬಹುದಿತ್ತು.

ಬೇರೆ ದಿನವಾಗಿದ್ದರೆ ಸೋಮವಾರ ಗ್ಯಾರೇಜಿಗೆ ಒಯ್ದರಾಗುತ್ತಿತ್ತು. ಆದರೆ ರವಿವಾರ ಸಂಜೆಯೇ ಬಾರಾಮತಿಯಲ್ಲಿ ಹೆಂಡತಿ ಭುವನೇಶ್ವರಿಯ ಅಕ್ಕನ ಮೊಮ್ಮಗನ ತೊಟ್ಟಿಲ ಕಾರ್ಯ.

"ಹ್ವಾದ ಸಲ ಎಸ್ಟಿ ಬಸ್ಸಿನ್ಯಾಗ ನಿಂತು ಹೋಗಿ ಸೀರಿ ಎಲ್ಲಾ ಮುದ್ದಿ ಆಗಿತ್ತು. ಎಲ್ಲಾರೂ ನಕ್ರು. ಈ ಸಲ ನಮ್ಮ ಗಾಡ್ಯಾಗ ಬರ್ತೀವಿ ಅಂತ ಅಕ್ಕಗ ಹೇಳೀನಿ. ನೋಡ್ರಿ ಮತ್ತ!" ಎಂದಳು ಭುವನೇಶ್ವರಿ. ಆ "ನೋಡ್ರಿ ಮತ್ತ"ದ ತೂಕ ಅಂಬಾದಾಸನಿಗೆ ಚೆನ್ನಾಗಿ ಗೊತ್ತಿತ್ತು.

ಬೆಳಿಗ್ಗೆ ಎದ್ದವನೇ ಜಾಕ್ ಹಚ್ಚಿ ಗಾಡಿ ಎತ್ತಿದ. ಆ ಜಾಕಿನ ಕಿರ್‍ರ್ ಸದ್ದಿಗೆ ಕಾಲನಿಯ ಕಿಟಕಿಗಳೆಲ್ಲ ತೆರೆದವು.

ಆ ಕಾಲನಿಯಲ್ಲಿ ಕಾರು ಮಾಡುವವರಿಗೇನೂ ಬರವಿರಲಿಲ್ಲ. ಪೂರ್ತಿ ಕಾರು ಮಾಡಿದವರು ಮಾತ್ರ ಯಾರೂ ಇರಲಿಲ್ಲ. ಎದುರು ಮನೆಯ ಭುಜಂಗ ಫ್ಯಾಕ್ಟರಿಯಲ್ಲಿ ಬಾಗಿಲು ಕೂಡಿಸುವವ. ಮೇಲಿನ ಮನೆಯ ಧರ್ಮರಾಜ ಹಾರ್ನು ಒತ್ತಿ ಪಾಸು ಮಾಡುವವ. ಇಬ್ಬರೂ ಚಹಾದ ಕಪ್ಪು ಹಿಡಿದುಕೊಂಡೇ ಇಳಿದು ಬಂದರು.

"ಸರೀರಿ ಅಂಬಾದಾಸರ. ಇದು ಆಫೀಸಿನ ಕೆಲಸ ಅಲ್ಲ," ಎಂದು ಭುಜಂಗ ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕಸಿದುಕೊಂಡ.

ಗಾಲಿ ಬಿಚ್ಚಿದರು. ಒಳಗೆ ಬ್ರೇಕಿನ ಪ್ಯಾಡುಗಳು ಉಕ್ಕಿನ ತಟ್ಟೆಯನ್ನು, ಜಾತ್ರೆಯಲ್ಲಿ ಅವ್ವನ ಸೆರಗು ಹಿಡಿದ ಕೂಸಿನಂತೆ, ಬಿಡದೆ ಹಿಡಿದುಕೊಂಡಿದ್ದವು.

"ತುಕ್ಕು ಹಿಡದದ," ಎಂದ ಭುಜಂಗ.

"ತುಕ್ಕಲ್ಲೋ ಮಾರಾಯ, ಒಳಗ ಎಣ್ಣಿ ಕಟ್ಟಿಕೊಂಡದ," ಎಂದ ಧರ್ಮರಾಜ.

ಅಷ್ಟರಲ್ಲಿ ಜಾಕ್ ವಾಲತೊಡಗಿತು. ಪಕ್ಕದ ಮನೆಯ ಸಾವಿತ್ರಿಬಾಯಿ "ಅರೇ ದೇವಾ!" ಎಂದು ಕೂಗಿ ಒಳಗೋಡಿ, ತಮ್ಮ ಒಳಕಲ್ಲನ್ನೇ ಉರುಳಿಸಿಕೊಂಡು ಬಂದರು. ಕಾರು ಅದರ ಮೇಲೆ ಕೂತಿತು. ಭುಜಂಗ ಸ್ಯಾಂಡ್ ಪೇಪರಿನಿಂದ ತುಕ್ಕು ತಿಕ್ಕಿದ, ಗ್ರೀಸ್ ಬಳಿದ, ಪ್ಯಾಡುಗಳನ್ನು ನೂಕುವ ಪಿಸ್ಟನ್ನನ್ನು ಒಳಕ್ಕೆ ಒತ್ತಿದ. ಅದು ಜಪ್ಪಯ್ಯ ಅಂದರೂ ಜರುಗಲಿಲ್ಲ. ಕೊನೆಗೆ ಎಣ್ಣೆ ಬಿಡುವ ಸಣ್ಣ ನಟ್ಟಿಗೆ ಪಾನಾ ಹಾಕಿ ತಿರುವಿದ. ಚಿರ್ರನೆ ಚಿಮ್ಮಿದ ಎಣ್ಣೆ ಧರ್ಮರಾಜನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಭಾರತದ ನಕಾಶೆ ಬರೆಯಿತು. ಪಿಸ್ಟನ್ ಸಲೀಸಾಗಿ ಒಳಗೆ ಹೋಯಿತು.

"ನಾ ಏನಂದಿದ್ದೆ? ಎಣ್ಣಿ!" ಎಂದ ಧರ್ಮರಾಜ, ಅಂಗಿ ಹಾಳಾದುದನ್ನೂ ಮರೆತು.

ಗಾಲಿ ಹಾಕಿ ತಿರುಗಿಸಿದರೆ ಬುಗುರಿಯಂತೆ ತಿರುಗಿತು. ಸಾವಿತ್ರಿಬಾಯಿ ಗಾಡಿಗೆ ಕುಂಕುಮ ಹಚ್ಚಿದರು. ಅಂಬಾದಾಸನಿಗೆ ಕಣ್ಣು ತುಂಬಿ ಬಂತು. ಇಂಥ ನೆರೆಯವರು ಯಾರಿಗೆ ಸಿಗುತ್ತಾರೆ?

ಆ ಪ್ರೀತಿಯ ಭರದಲ್ಲೇ ಅವನು ಎಡವಿದ್ದು. "ನೀವೂ ಬರ್ರಿ ಬಾರಾಮತಿಗೆ," ಎಂದುಬಿಟ್ಟ.

ಅದು ಬಾಯಿಮಾತು ಎಂದು ಯಾರಿಗೂ ಹೊಳೆಯಲಿಲ್ಲ. ಧರ್ಮರಾಜ ಅಂಗಿ ಬದಲಿಸಿ, ಹೆಂಡತಿಯನ್ನೂ ತಯಾರು ಮಾಡಿಕೊಂಡು ಇಳಿದ. ಸಾವಿತ್ರಿಬಾಯಿಗೆ ದಾರಿಯಲ್ಲಿ ಜೇಜುರಿಯ ಖಂಡೋಬನ ದರ್ಶನ ಆಗಬೇಕಿತ್ತು. ಭುಜಂಗ ಸೀದಾ ಡ್ರೈವರ್ ಸೀಟಿನಲ್ಲಿ ಕೂತ. "ಹೊಸದಾಗಿ ಮಾಡಿದ ಬ್ರೇಕು. ಮಾಡಿದವನ ಕಾಲಿಗೇ ಅದರ ಹದ ಗೊತ್ತಿರ್ತದ." ಮುಂದಿನ ಸೀಟಿನಲ್ಲಿ ಭುವನೇಶ್ವರಿ, ತೊಡೆಯ ಮೇಲೆ ಉಂಡಿಯ ಡಬ್ಬಿ. ಹಿಂದೆ ಮೂವರು, ಜೊತೆಗೆ ಕೂಸಿಗೆಂದು ತಂದ ಮರದ ಕುದುರೆ. ಅಂಬಾದಾಸ ಒಂದು ಕಾಲು ಒಳಗಿಟ್ಟು ನೋಡಿದ. ಕುದುರೆ ಜಾಗ ಬಿಡಲಿಲ್ಲ.

"ಲೋಡ್ ಹೆಚ್ಚಾದ್ರ ಬ್ರೇಕ್ ಮತ್ತ ಹಿಡೀತದರಿ," ಎಂದ ಭುಜಂಗ, ಬಹಳ ಕನಿಕರದಿಂದ.

"ನೀವು ಬಸ್ಸಿಗೆ ಬಂದ್ಬಿಡ್ರಿ," ಎಂದಳು ಭುವನೇಶ್ವರಿ. "ನಿಮಗೇನು, ಸೀರಿ ಮುದ್ದಿ ಆಗೂ ಅಂಜಿಕಿ ಇಲ್ಲಲ್ಲ."

ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಎಸ್ಟಿ ಬಸ್ಸು ಹತ್ತಿದ ಅಂಬಾದಾಸ, ಜೇಜುರಿಯವರೆಗೆ ಒಂದು ಕೋಳಿಬುಟ್ಟಿಗೂ ಒಬ್ಬ ಪೈಲ್ವಾನನಿಗೂ ನಡುವೆ ನಿಂತು ಪ್ರಯಾಣ ಮಾಡಿದ. ಜೇಜುರಿಯಲ್ಲಿ ಪೈಲ್ವಾನ ಇಳಿದಾಗ ಕಿಟಕಿಯ ಸೀಟು ಸಿಕ್ಕಿತು. ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ ಬಸ್ಸು ಗಕ್ಕನೆ ನಿಂತಿತು.

ರಸ್ತೆಯ ಪಕ್ಕದಲ್ಲಿ ಬಿಳಿ ಕಾರು. ಎಡಗಡೆಯ ಗಾಲಿಯಿಂದ ಸಣ್ಣಗೆ ಹೊಗೆ. ಸಾವಿತ್ರಿಬಾಯಿ ರಸ್ತೆಯ ನಡುವೆ ನಿಂತು, "ಥಾಂಬಾ! ಥಾಂಬಾ!" ಎಂದು ಎರಡೂ ಕೈ ಬೀಸುತ್ತಿದ್ದರು.

"ಮತ್ತ ಹಿಡೀತ್ರಿ," ಎನ್ನುತ್ತ ಭುಜಂಗ ಬಸ್ಸು ಹತ್ತಿದ. ಹಿಂದಿನಿಂದ ಧರ್ಮರಾಜ, "ರಬ್ಬರ್ ಪೈಪು ಒಳಗ ಉಬ್ಬೇದ. ಎಣ್ಣಿ ಹೋಗ್ತದ, ತಿರುಗಿ ಬರೂದಿಲ್ಲ. ಅದನ್ನ ಬದಲಾಯಿಸಬೇಕು," ಎಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಬಯಲಿನಲ್ಲಿ ಪೈಪು ಮಾರುವವರು ಯಾರೂ ಇರಲಿಲ್ಲ.

ಡಬ್ಬಿ, ಕುದುರೆ, ಹೆಂಗಸರು ಎಲ್ಲ ಹತ್ತಿಯಾಯಿತು. ಭುವನೇಶ್ವರಿ ಗಂಡನ ಮುಂದೆ ಬಂದು ನಿಂತಳು. ಸೀರೆಯ ನೆರಿಗೆ ಇನ್ನೂ ನೆಟ್ಟಗಿತ್ತು.

"ರೀ, ಗಾಡಿ ಹಿಂಗ ರಸ್ತಾದಾಗ ಬಿಟ್ಟು ಹ್ವಾದ್ರ ಹ್ಯಾಂಗ? ಯಾರಾರ ಕಾಯಬೇಕಲ್ಲ?"

ಯಾರಾದರೂ ಎಂದರೆ ಯಾರು ಎಂದು ಇಡೀ ಬಸ್ಸಿಗೇ ತಿಳಿಯಿತು. ಅಂಬಾದಾಸ ಎದ್ದ. ಅವನು ಬಾಗಿಲು ಮುಟ್ಟುವ ಮುಂಚೆ ಭುವನೇಶ್ವರಿ ಕಿಟಕಿಯ ಸೀಟಿನಲ್ಲಿದ್ದಳು. ಡಬ್ಬಿ ತೆಗೆದು, ಕೆಳಗಿಳಿದ ಅವನ ಕೈಗೆ ಕಿಟಕಿಯಿಂದಲೇ ಎರಡು ಉಂಡಿ ಹಾಕಿದಳು. "ತಿನ್ರಿ. ಊಟ ಕಟ್ಟಿಸಿಕೊಂಡು ಬರ್ತೀನಿ," ಎಂದಳು, ಸ್ವಲ್ಪ ಮರುಗಿಯೇ.

ಬಸ್ಸು ಹೋಯಿತು. ಅಂಬಾದಾಸ ತನ್ನ ಕಾರಿನಲ್ಲಿ, ಅಂದು ಮೊದಲ ಬಾರಿಗೆ, ಆರಾಮಾಗಿ ಕೂತ. ಉಂಡಿ ತಿಂದ. ಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಹೊಗೆ ನಿಂತಿತು. ಸುಮ್ಮನೆ ನೋಡೋಣವೆಂದು ಇಳಿದು ಹಿಂದಿನಿಂದ ನೂಕಿದ. ಕಾರು ಹಸುವಿನ ಕರುವಿನಂತೆ ಮುಂದಕ್ಕೆ ಹೆಜ್ಜೆ ಹಾಕಿತು! ಗಾಲಿ ಆರಿ, ಬ್ರೇಕು ತಾನಾಗಿಯೇ ಬಿಟ್ಟುಕೊಟ್ಟಿತ್ತು.

"ಬಿಡ್ತು! ಬಿಡ್ತು!" ಎಂದು ಅಂಬಾದಾಸ ಕುಣಿದಾಡಿದ. ಮೆಲ್ಲಗೆ, ಬ್ರೇಕು ಹೆಚ್ಚು ತುಳಿಯದೆ ಹೋದರೆ ತೊಟ್ಟಿಲಿನ ಹೊತ್ತಿಗೆ ಬಾರಾಮತಿ ಸೇರಬಹುದು. ಅಕ್ಕನ ಮನೆಯ ಮುಂದೆ ಹಾರ್ನು ಬಾರಿಸಬಹುದು. ಓಡಿ ಬಂದು ಡ್ರೈವರ್ ಸೀಟಿನಲ್ಲಿ ಕೂತ, ಅಂಗಿ ಸರಿಮಾಡಿಕೊಂಡ, ಸ್ಟೇರಿಂಗಿನ ಕೆಳಗೆ ಕೈ ಹಾಕಿದ.

ಕೈಗೆ ಬರೀ ತೂತು ತಗಲಿತು. ಕೀಲಿಕೈ ಭುಜಂಗನ ಜೇಬಿನಲ್ಲಿ ಕೂತು, ಎಸ್ಟಿ ಬಸ್ಸಿನಲ್ಲಿ, ತೊಟ್ಟಿಲು ತೂಗಲು ಹೊರಟುಹೋಗಿತ್ತು.